ಎದ್ದಾಗ ತಲೆ ತಿರುಗಿದರೆ

ಬೆಳಗಿನ ಜಾವ. ಮನೆಯ ಹಿರಿಯರು ಹಾಸಿಗೆಯಿಂದ ಎದ್ದು ಬಚ್ಚಲಮನೆಯ ಕಡೆಗೆ ಎರಡು ಹೆಜ್ಜೆ ಇಡುತ್ತಾರೆ. ಕಣ್ಣಿಗೆ ಕತ್ತಲೆ ಕವಿಯುತ್ತದೆ, ನೆಲ ವಾಲಿದಂತಾಗುತ್ತದೆ, ಕೈ ಗೋಡೆಯನ್ನು ಹುಡುಕುತ್ತದೆ. ಅರೆನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ. ಮನೆಯವರು ಗಾಬರಿಯಿಂದ ಕೇಳಿದರೆ, "ಏನಿಲ್ಲ, ಪಿತ್ತ ಕೆದರಿರಬೇಕು" ಎಂಬ ಉತ್ತರ. ಒಂದು ಲೋಟ ನಿಂಬೆಹಣ್ಣಿನ ಪಾನಕ ಕುಡಿದ ಮೇಲೆ ಆ ಮಾತನ್ನು ಎಲ್ಲರೂ ಮರೆತುಬಿಡುತ್ತಾರೆ.

ಇದು ನಿಮ್ಮ ಮನೆಗೂ ಹೊಸದಲ್ಲದಿರಬಹುದು. ಆದರೆ ಆ ಹಿರಿಯರು ಹೃದಯಕ್ಕಾಗಿಯೋ ರಕ್ತದೊತ್ತಡಕ್ಕಾಗಿಯೋ ನಿತ್ಯವೂ ಮಾತ್ರೆ ನುಂಗುವವರಾದರೆ, ಪಿತ್ತದ ಮೇಲೆ ದೂರು ಹೊರಿಸುವ ಮುನ್ನ ತುಸು ಯೋಚಿಸಬೇಕು. ಕುಳಿತಾಗ ಸರಿಯಾಗಿಯೇ ಇರುವ ರಕ್ತದೊತ್ತಡ, ಎದ್ದು ನಿಂತಾಗ ಕುಸಿಯುತ್ತಿರಬಹುದು.

ಬೀದಿಯ ಕೊಳಾಯಿಯಲ್ಲಿ ನೀರು ರಭಸದಿಂದ ಬರುತ್ತಿದ್ದರೂ ಮಹಡಿಯ ಕೊಳಾಯಿಯಲ್ಲಿ ತೊಟ್ಟಿಕ್ಕುವುದನ್ನು ನೀವು ಕಂಡಿದ್ದೀರಿ. ನಮ್ಮ ದೇಹದಲ್ಲಿ ಮಿದುಳು ಮಹಡಿಯ ಮೇಲಿನ ಬಾಡಿಗೆದಾರನಂತೆ. ಮಲಗಿದ್ದವರು ಎದ್ದು ನಿಂತೊಡನೆ ಸುಮಾರು ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ಧಮನಿಗಳಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲಿಯೂ ಒತ್ತಡವನ್ನು ಸದಾ ಅಳೆಯುತ್ತಿರುವ ಕಾವಲು ನರಗಳಿವೆ. ಅವು ಒಡನೆಯೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ತುಸು ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಕೆಲವೇ ಕ್ಷಣಗಳಲ್ಲಿ ಒತ್ತಡ ಮೊದಲಿನಂತಾಗುತ್ತದೆ. ಇಷ್ಟೆಲ್ಲ ನಡೆದದ್ದು ನಮ್ಮ ಅರಿವಿಗೇ ಬರುವುದಿಲ್ಲ.

ವಯಸ್ಸಾದಂತೆ ಈ ಕಾವಲುಗಾರರು ಮಂದವಾಗುತ್ತಾರೆ, ರಕ್ತನಾಳಗಳು ಪೆಡಸಾಗುತ್ತವೆ. ಸಕ್ಕರೆ ಕಾಯಿಲೆ ಬಹುಕಾಲದಿಂದ ಇದ್ದರೆ ನರಗಳೂ ಸೊರಗಿರುತ್ತವೆ. ಇದರ ಮೇಲೆ ಔಷಧಿಗಳ ಪ್ರಭಾವವೂ ಸೇರಿಕೊಳ್ಳುತ್ತದೆ.

ಫ್ಯೂರೋಸೆಮೈಡಿನಂಥ ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ. ಎದೆನೋವಿಗೆ ನಾಲಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆ ರಕ್ತನಾಳಗಳನ್ನು ಸಡಿಲಿಸುತ್ತದೆ. ಆಮ್ಲೋಡಿಪಿನ್, ಎನಲಾಪ್ರಿಲ್, ರ‍್ಯಾಮಿಪ್ರಿಲ್ ಮುಂತಾದವು ಧಮನಿಗಳನ್ನು ಅಗಲಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ಹೃದಯದ ಬಡಿತವನ್ನು ನಿಧಾನಗೊಳಿಸುವುದರಿಂದ, ಎದ್ದು ನಿಂತಾಗ ಅದು ಬೇಕಾದಷ್ಟು ಬೇಗ ಬಡಿಯಲಾರದು. ಪ್ರಾಸ್ಟೇಟ್ ತೊಂದರೆಗೆಂದು ಬೇರೊಬ್ಬ ವೈದ್ಯರು ಬರೆದುಕೊಟ್ಟ ಟ್ಯಾಮ್ಸುಲೊಸಿನ್‌ನಂಥ ಮಾತ್ರೆಯೂ, ನಿದ್ರೆಯ ಗುಳಿಗೆಯೂ ಇವುಗಳ ಜೊತೆಗೂಡಬಹುದು. ಒಂದೊಂದೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಎಲ್ಲವೂ ಕೂಡಿದಾಗ ಕೆಲಸ ಅಳತೆ ಮೀರುತ್ತದೆ.

ಇಲ್ಲಿ ಜನರು ಸಾಮಾನ್ಯವಾಗಿ ಎರಡು ತಪ್ಪುಗಳನ್ನು ಮಾಡುತ್ತಾರೆ. ಮೊದಲನೆಯದು, "ವಯಸ್ಸಾಯಿತು, ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರುವುದು. ಒದ್ದೆ ಬಚ್ಚಲಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದರೆ, ಅಂದಿನವರೆಗೆ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದವರು ತಿಂಗಳುಗಟ್ಟಲೆ ಪರಾಧೀನರಾಗಬೇಕಾದೀತು.

ಎರಡನೆಯದು ಇನ್ನೂ ಅಪಾಯಕರವಾದದ್ದು: ಹೆದರಿ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿಬಿಡುವುದು. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನು ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ದುರ್ಬಲ ಹೃದಯದವರು ಮೂತ್ರದ ಮಾತ್ರೆಯನ್ನು ಬಿಟ್ಟರೆ ಕಾಲು ಊದಿ, ಶ್ವಾಸಕೋಶಗಳಲ್ಲಿ ನೀರು ತುಂಬಿ ಏದುಸಿರು ಬರಬಹುದು. ಏರಿದ ರಕ್ತದೊತ್ತಡಕ್ಕೆ ತಕ್ಕ ಮದ್ದೇ ಇಲ್ಲದಿದ್ದ ಕಾಲವೊಂದಿತ್ತು. ನಮ್ಮ ನಾಡಿನ ಸರ್ಪಗಂಧದ ಬೇರು ಅದನ್ನು ತಗ್ಗಿಸುವ ಬಗೆಯನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ವೈದ್ಯಲೋಕ ಕಿವಿ ನಿಮಿರಿಸಿತು. ಅಲ್ಲಿಂದೀಚೆಗೆ ಬಂದ ಔಷಧಿಗಳು ಎಷ್ಟೋ ಮಂದಿಯ ಆಯುಸ್ಸನ್ನು ಹೆಚ್ಚಿಸಿವೆ. ಅವನ್ನು ಕಸದ ಬುಟ್ಟಿಗೆ ಎಸೆಯುವುದು ವಿವೇಕವಲ್ಲ. ಅಳತೆಯನ್ನು ಸರಿಪಡಿಸಿಕೊಳ್ಳುವುದು ವಿವೇಕ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಅಳೆಯಿರಿ. ಈಗ ಅನೇಕ ಮನೆಗಳಲ್ಲಿ ತೋಳಿಗೆ ಸುತ್ತುವ ಬಿ.ಪಿ. ಯಂತ್ರ ಉಂಟು. ಹಿರಿಯರು 5 ನಿಮಿಷ ಮಲಗಿರಲಿ. ಆಗ ಒಮ್ಮೆ ಅಳೆಯಿರಿ. ಬಳಿಕ ಎದ್ದು ನಿಂತು 1 ನಿಮಿಷವಾದಾಗ ಒಮ್ಮೆ, 3 ನಿಮಿಷವಾದಾಗ ಮತ್ತೊಮ್ಮೆ, ಅದೇ ತೋಳಿನಲ್ಲಿ ಅಳೆಯಿರಿ. ತೋಳಿಗೆ ಆಸರೆ ಕೊಟ್ಟು ಎದೆಯ ಮಟ್ಟದಲ್ಲಿ ಇರಿಸಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ತಲೆ ತಿರುಗಿದರೆ ಅಳತೆಯನ್ನು ಬಿಟ್ಟು ಕೂರಿಸಿಬಿಡಿ. ಮೇಲಿನ ಅಂಕಿ 20 ಅಥವಾ ಅದಕ್ಕೂ ಹೆಚ್ಚು, ಇಲ್ಲವೆ ಕೆಳಗಿನ ಅಂಕಿ 10 ಅಥವಾ ಅದಕ್ಕೂ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಬೇಕು. ಮಲಗಿದಾಗ 138/80 ಇದ್ದು, ನಿಂತಾಗ 108/66 ಆದವರು ಚಿಕಿತ್ಸಾಲಯದ ಕುರ್ಚಿಯಲ್ಲಿ ಕುಳಿತಾಗ "ಬಿ.ಪಿ. ಚೆನ್ನಾಗಿದೆ" ಎನಿಸಿಕೊಂಡು ಬರಬಹುದು! ಕುಳಿತು ಅಳೆದ ಒತ್ತಡ ಅರ್ಧ ಕಥೆ ಮಾತ್ರ.

ಈ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ತಲೆ ತಿರುಗಿದ ಹೊತ್ತು, ಇವೂ ಅದರಲ್ಲಿರಲಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಗಳನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ. "ನಿಂತಾಗಲೂ ಒಮ್ಮೆ ಬಿ.ಪಿ. ನೋಡುವಿರಾ?" ಎಂದು ಕೇಳಲು ಸಂಕೋಚ ಬೇಡ. ಅವರು ಪ್ರಮಾಣವನ್ನು ತಗ್ಗಿಸಬಹುದು, ಒಟ್ಟಿಗೆ ನುಂಗುತ್ತಿದ್ದ ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿಗೆ ಹಂಚಬಹುದು, ಒಂದರ ಬದಲು ಇನ್ನೊಂದನ್ನು ಕೊಡಬಹುದು.

ಎಚ್ಚರ ವಹಿಸಬೇಕಾದ ಹೊತ್ತುಗಳೂ ಕೆಲವಿವೆ. ರಾತ್ರಿ ಮೂತ್ರಕ್ಕೆ ಏಳುವಾಗ ಧಡಕ್ಕನೆ ಏಳಬಾರದು. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಆಸರೆ ಹಿಡಿದು ನಿಂತು, ಆಮೇಲೆ ನಡೆಯಬೇಕು. ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಹಬ್ಬದ ದಿನ ಎಣ್ಣೆ ಹಚ್ಚಿಕೊಂಡು ಬಿಸಿನೀರನ್ನು ಹಂಡೆಗಟ್ಟಲೆ ಸುರಿದುಕೊಳ್ಳುವುದು ಹಿತವೇ. ಆದರೆ ಬಿಸಿನೀರು ರಕ್ತನಾಳಗಳನ್ನು ಅಗಲಿಸುತ್ತದೆ. ಸ್ಟೂಲಿನ ಮೇಲೆ ಕುಳಿತು, ಹದವಾದ ನೀರಿನಲ್ಲಿ, ಒಳಚಿಲಕ ಹಾಕದೆ ಸ್ನಾನ ಮಾಡುವುದು ಲೇಸು. ಹೊಟ್ಟೆ ಬಿರಿಯುವಂತೆ ಅನ್ನ ಉಂಡ ಮೇಲೆ ರಕ್ತ ಕರುಳಿನ ಕಡೆಗೆ ಹರಿಯುವುದರಿಂದ ಒಂದೆರಡು ಗಂಟೆಯೊಳಗೆ ಒತ್ತಡ ಇಳಿಯಬಹುದು. ಸ್ವಲ್ಪ ಸ್ವಲ್ಪವಾಗಿ ಉಣ್ಣಿರಿ. ನಾಲಗೆಯ ಕೆಳಗಿನ ಮಾತ್ರೆಯನ್ನು ಕುಳಿತೇ ಇಟ್ಟುಕೊಳ್ಳಬೇಕು.

ಏಕಾದಶಿಯ ನಿರ್ಜಲ ಉಪವಾಸ, ಬೇಸಗೆಯ ಬೆವರು, ವಾಂತಿಭೇದಿ, ಇವು ದೇಹದ ನೀರನ್ನು ಕಡಮೆ ಮಾಡುತ್ತವೆ. ಅಂಥ ದಿನ ಮೂತ್ರದ ಮಾತ್ರೆಯನ್ನು ಎಂದಿನಂತೆ ನುಂಗಬೇಕೆ ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದಿರಿ. "ಬಿ.ಪಿ. ಇಳಿದಿದೆ" ಎಂದು ಉಪ್ಪಿನಕಾಯಿ ನೆಕ್ಕುವುದು, ಬಿಂದಿಗೆಗಟ್ಟಲೆ ನೀರು ಕುಡಿಯುವುದು ಹೃದ್ರೋಗಿಗಳಿಗೆ ತಕ್ಕದ್ದಲ್ಲ.

ತಲೆಸುತ್ತೆಲ್ಲವೂ ಒತ್ತಡದ ಕುಸಿತವಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆಯೇ ಗಿರ್ರನೆ ತಿರುಗಿದಂತಾದರೆ, ಅದರ ಮೂಲ ಒಳಕಿವಿಯಲ್ಲಿರಬಹುದು. ಎದೆನೋವು, ಏದುಸಿರು, ಎಚ್ಚರ ತಪ್ಪುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ನಾಡಿ ತೀರ ನಿಧಾನವಾಗುವುದು, ಮಲ ಟಾರಿನಂತೆ ಕಪ್ಪಾಗುವುದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಬಿದ್ದು ತಲೆಗೆ ಪೆಟ್ಟಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಡೆಗೆ ಮನೆಯ ಕಿರಿಯರಿಗೆ ಒಂದು ಮಾತು. ತಲೆ ತಿರುಗಿದ್ದನ್ನು ಹಿರಿಯರು ಮುಚ್ಚಿಡುವುದು ಬಹುಪಾಲು ಭಯದಿಂದ. ಹೇಳಿದರೆ ಸಂಜೆಯ ತಿರುಗಾಟ ನಿಲ್ಲುತ್ತದೆ, ದೇವಸ್ಥಾನಕ್ಕೆ ಒಬ್ಬರೇ ಹೋಗುವಂತಿಲ್ಲ ಎಂಬ ಭಯ. ಗದರಿಸಿದರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ. "ಎದ್ದಾಗ ಹೇಗಿರುತ್ತದೆ, ಅಪ್ಪ?" ಎಂದು ಪಕ್ಕದಲ್ಲಿ ಕುಳಿತು ಕೇಳಿ. ಅವರ ತಿರುಗಾಟವನ್ನು ನಿಲ್ಲಿಸುವುದಕ್ಕಲ್ಲ, ಉಳಿಸುವುದಕ್ಕಾಗಿಯೇ ಈ ಅಳತೆ ಎಂಬುದು ಅವರಿಗೆ ಮನವರಿಕೆಯಾಗಲಿ.