ಕಲ್ಲು-ಮಣ್ಣಿನ ವಾಡೆಗಳ ಬಲವರ್ಧನೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಂಭವಿಸಿದ ಕಿಲ್ಲಾರಿ ಭೂಕಂಪದಲ್ಲಿ ಸುಮಾರು 8,000 ಜನ ಮಡಿದರು. ಅವರಲ್ಲಿ ಬಹುತೇಕರ ಮೇಲೆ ಕುಸಿದದ್ದು ಕಲ್ಲು-ಮಣ್ಣಿನ ಗೋಡೆ ಹಾಗೂ ಭಾರವಾದ ಮಣ್ಣಿನ ಮಾಳಿಗೆ. ನೆರೆಯ ಸೋಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡಿಗರ ಹಳೆಯ ಮನೆ, ವಾಡೆಗಳೂ ಇದೇ ಪರಂಪರೆಗೆ ಸೇರಿದವು. ಅವನ್ನು ಕೆಡವದೆಯೇ ಸುರಕ್ಷಿತಗೊಳಿಸಲು ಸಾಧ್ಯವೆ?

ದೋಷವಿರುವುದು ಗೋಡೆಯ ಕಟ್ಟಣೆಯಲ್ಲಿ. ದಪ್ಪ ಗೋಡೆಯ ಒಳಮುಖ, ಹೊರಮುಖಗಳು ಬೇರೆಬೇರೆಯಾಗಿ ನಿಂತಿದ್ದು, ನಡುವೆ ಚೂರುಗಲ್ಲು, ಮಣ್ಣು ತುಂಬಿರುತ್ತದೆ. ನೆಲ ಅಲುಗಿದಾಗ ಇವು ಬೇರ್ಪಟ್ಟು, ಉಬ್ಬಿ ಉರುಳುತ್ತವೆ. ಇಂಥ ಕಟ್ಟಡಗಳ ಬಲವರ್ಧನೆಯ ಕ್ರಮವನ್ನು 1993ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 13935 ನಿರೂಪಿಸುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಆಚೀಚೆ ತೂರುವ ರಂಧ್ರ ತೆಗೆದು, ಕೊಕ್ಕೆಯ ಉಕ್ಕಿನ ಸರಳಿಟ್ಟು ಕಾಂಕ್ರೀಟು ತುಂಬಿದರೆ ಎರಡೂ ಮುಖಗಳು ಬೆಸೆಯುತ್ತವೆ. ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಉಕ್ಕಿನ ಜಾಲರಿಯ ಪಟ್ಟಿ ಸುತ್ತಿದರೆ ನಾಲ್ಕು ಗೋಡೆಗಳೂ ಒಂದಾಗಿ ಅಲುಗುತ್ತವೆ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸುವುದೂ ಅಷ್ಟೇ ಅಗತ್ಯ.

ಗೋಡೆಯ ಪೂರ್ಣ ದಪ್ಪಕ್ಕೆ ಉದ್ದಗಲ್ಲು ಹಾಯಿಸಿ ಮುಖಗಳನ್ನು ಬಿಗಿಯುವುದು ಕಲ್ಲುಗೆಲಸದ ಹಳೆಯ ವಿದ್ಯೆಯೇ. ಮಾನಕವು ಅದನ್ನೇ ಹೊಸ ಸಾಮಗ್ರಿಯಲ್ಲಿ ಮರಳಿ ಬಯಸುತ್ತದೆ. ಹೀಗೆ ಬಲಗೊಂಡ ವಾಡೆಯಲ್ಲಿ ಪಡಸಾಲೆ, ತೊಲೆಗಂಬ, ಬೆಳಕಿಂಡಿಗಳು ಉಳಿಯುತ್ತವೆ. ಆ ಕನ್ನಡ ಹೆಸರುಗಳಿಗೂ ನೆಲೆಯಿರುತ್ತದೆ.