ಮನೆಯ ಫೈರ್‌ವಾಲ್‌ನಲ್ಲಿ ವಿಪಿಎನ್ ಸಂಪರ್ಕ: ದೋಷ ಪತ್ತೆಯ ಕ್ರಮ

ಲೆಕ್ಕಪತ್ರದ ಕಂಪ್ಯೂಟರನ್ನು ಮನೆಯಲ್ಲಿರಿಸಿ, ಅಂಗಡಿ ಅಥವಾ ಕಾರ್ಖಾನೆಯಿಂದ ವಿಪಿಎನ್ ಮೂಲಕ ಅದನ್ನು ಬಳಸುವ ಸಣ್ಣ ಉದ್ದಿಮೆದಾರರು ಹಲವರಿದ್ದಾರೆ. ಅಂತರ್ಜಾಲದೊಳಗೆ ಅನ್ಯರು ಓದಲಾಗದ ಖಾಸಗಿ ಮಾರ್ಗವೊಂದನ್ನು ಏರ್ಪಡಿಸುವುದೇ ವಿಪಿಎನ್‌ನ ಕಾರ್ಯ. ಇಲ್ಲಿ ಮನೆಯ ಫೈರ್‌ವಾಲ್ ಸರ್ವರ್ ಆಗಿಯೂ ಅಂಗಡಿಯ ಕಂಪ್ಯೂಟರ್ ಕ್ಲೈಂಟ್ ಆಗಿಯೂ ಕೆಲಸ ಮಾಡುತ್ತವೆ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಖಿನಂದೇ ಈ ಸಂಪರ್ಕ ಕಡಿದರೆ, ಅವಸರದಲ್ಲಿ ಸುರಕ್ಷತೆಯನ್ನು ಬದಿಗಿರಿಸುವ ಸಂಭವವುಂಟು. ಆದುದರಿಂದ ದೋಷವನ್ನು ಪತ್ತೆಹಚ್ಚುವ ಕ್ರಮವನ್ನು ವ್ಯಾಪಾರಸ್ಥರು ಅರಿತಿರುವುದು ಲೇಸು.

ತಾಳೆಪಟ್ಟಿ ಹೊಂದದಿದ್ದಾಗ ಎಲ್ಲ ಖಾತೆಗಳನ್ನೂ ಒಮ್ಮೆಗೇ ತಿದ್ದುವುದಿಲ್ಲ. ವ್ಯತ್ಯಾಸ ಎಲ್ಲಿದೆಯೆಂದು ಮೊದಲು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ಮೂರು ಹಂತಗಳನ್ನು ಒಂದರ ನಂತರ ಒಂದರಂತೆ ಪರಿಶೀಲಿಸಬೇಕು.

1. ಕರೆ ಮನೆಯನ್ನು ತಲುಪುತ್ತಿದೆಯೆ?

ಮನೆಯ ವೈಫೈಯಿಂದ ಪರೀಕ್ಷಿಸಬಾರದು. ಮೊಬೈಲ್ ಡೇಟಾದ ಮೂಲಕ ಪರೀಕ್ಷಿಸಬೇಕು. ಫೈರ್‌ವಾಲ್‌ನ ಲಾಗ್‌ನಲ್ಲಿ ಆ ಕರೆ ದಾಖಲಾಗದಿದ್ದರೆ, ಫೈರ್‌ವಾಲ್ ತೋರಿಸುವ ಹೊರಮುಖದ ಐಪಿ ವಿಳಾಸವನ್ನೂ ಅಂತರ್ಜಾಲಕ್ಕೆ ಕಾಣುವ ವಿಳಾಸವನ್ನೂ ಹೋಲಿಸಬೇಕು. ಅವೆರಡೂ ಬೇರೆಯಾಗಿದ್ದು, ಫೈರ್‌ವಾಲ್‌ನ ವಿಳಾಸ 192.168 ಎಂದು ಆರಂಭವಾದರೆ, ಸಾಮಾನ್ಯವಾಗಿ ಸೇವಾದಾರರ ಮೋಡೆಮ್ ನಡುವೆ ನಿಂತಿದೆಯೆಂದು ಅರ್ಥ. ಅದನ್ನು ಬ್ರಿಡ್ಜ್ ಸ್ಥಿತಿಗೆ ತರಬೇಕು. ಅದು 100.64ರಿಂದ 100.127ರ ನಡುವಿದ್ದರೆ, ಸೇವಾದಾರರು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದ್ದಾರೆಂದು ತಿಳಿಯಬೇಕು. ಆಗ ಮನೆಯಲ್ಲಿ ಎಷ್ಟು ಪೋರ್ಟ್ ತೆರೆದರೂ ಫಲವಿಲ್ಲ. ಸಾರ್ವಜನಿಕ ಐಪಿ ವಿಳಾಸವನ್ನು ಕೇಳಿ ಪಡೆಯಬೇಕು. ಅಥವಾ ಅಂಗಡಿಯಲ್ಲಿ ಅಂತಹ ವಿಳಾಸವಿದ್ದರೆ ಅಲ್ಲಿಯೇ ಸರ್ವರ್ ಸ್ಥಾಪಿಸಿ ಮನೆಯನ್ನು ಕ್ಲೈಂಟ್ ಆಗಿಸಬೇಕು.

ವಿಳಾಸ ಸರಿಯಾಗಿದ್ದರೆ ಪೋರ್ಟ್ ನೋಡಬೇಕು. ಓಪನ್‌ವಿಪಿಎನ್‌ಗೆ ಸಾಮಾನ್ಯವಾಗಿ ಯುಡಿಪಿ 1194, ವೈರ್‌ಗಾರ್ಡ್‌ಗೆ ಯುಡಿಪಿ 51820 ಬಳಕೆಯಲ್ಲಿವೆ. ಯುಡಿಪಿಯ ಬದಲು ಟಿಸಿಪಿಗೆ ಅನುಮತಿ ನೀಡಿರುವುದು ಮೇಲಿಂದ ಮೇಲೆ ಕಾಣುವ ದೋಷ.

2. ಗುರುತು ಒಪ್ಪಿಗೆಯಾಗುತ್ತಿದೆಯೆ?

ಕರೆ ತಲುಪಿಯೂ ಸಂಪರ್ಕ ಏರ್ಪಡದಿದ್ದರೆ ಓಪನ್‌ವಿಪಿಎನ್‌ನಲ್ಲಿ ಪ್ರಮಾಣಪತ್ರದ ಅವಧಿಯನ್ನೂ ಎರಡೂ ಕಡೆಯ ಗಡಿಯಾರವನ್ನೂ ನೋಡಬೇಕು. ದಿನಾಂಕ ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವೂ ತಿರಸ್ಕೃತವಾಗುತ್ತದೆ. ವೈರ್‌ಗಾರ್ಡ್ ತಪ್ಪು ಕೀಲಿಗೆ ಉತ್ತರವನ್ನೇ ಕೊಡುವುದಿಲ್ಲ. ಆದರೂ ಪರದೆಯ ಮೇಲೆ ಚಾಲನೆಯಲ್ಲಿರುವಂತೆ ತೋರಬಹುದು. ಕೊನೆಯ ಹ್ಯಾಂಡ್‌ಶೇಕ್‌ನ ಸಮಯ ಕಾಣಿಸಿದರೆ ಮಾತ್ರ ಕೀಲಿಗಳು ಹೊಂದಿವೆಯೆಂದು ನಂಬಬೇಕು.

3. ಸಂಪರ್ಕವಿದ್ದೂ ಲೆಕ್ಕ ತೆರೆಯದೆ?

ಇಲ್ಲಿ ಮುಖ್ಯ ಕಾರಣ ವಿಳಾಸಗಳ ಘರ್ಷಣೆ. ಮನೆ, ಅಂಗಡಿ ಎರಡೂ ಕಡೆ 192.168.1 ಸರಣಿಯೇ ಇದ್ದರೆ, ಕಂಪ್ಯೂಟರ್ ತನ್ನ ಬಳಿಯಲ್ಲೇ ಹುಡುಕುವುದೇ ಹೊರತು ವಿಪಿಎನ್ ಮಾರ್ಗ ಹಿಡಿಯುವುದಿಲ್ಲ. ಮನೆಯ ಸರಣಿಯನ್ನು 192.168.57ರಂತೆ ಬದಲಿಸುವುದೇ ಶಾಶ್ವತ ಪರಿಹಾರ. ಅನಂತರ ಫೈರ್‌ವಾಲ್‌ನ ವಿಪಿಎನ್ ವಿಭಾಗದಲ್ಲಿ ಅನುಮತಿ ನಿಯಮವಿದೆಯೆ, ಲೆಕ್ಕದ ಕಂಪ್ಯೂಟರಿನ ವಿಂಡೋಸ್ ಫೈರ್‌ವಾಲ್ ತಡೆಯುತ್ತಿದೆಯೆ ಎಂದು ನೋಡಬೇಕು. ಪಿಂಗ್‌ಗೆ ಉತ್ತರ ಬಂದರೂ ದೊಡ್ಡ ಕಡತಗಳು ನಡುವೆ ನಿಲ್ಲುತ್ತಿದ್ದರೆ, ಎಂಟಿಯು ಪ್ರಮಾಣವನ್ನು 1420ರಿಂದ 1380ಕ್ಕೆ, ಅಗತ್ಯವಿದ್ದಲ್ಲಿ 1280ಕ್ಕೆ ಇಳಿಸಿ ಪರೀಕ್ಷಿಸಬಹುದು.

ಅಡ್ಡದಾರಿ ಬೇಡ

ವಿಪಿಎನ್ ಕೈಕೊಟ್ಟಾಗ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆಯುವ ಸಲಹೆ ಬರುವುದುಂಟು. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಕರ್ಮಿಗಳು ಹುಡುಕುವುದು ಇಂತಹ ಬಾಗಿಲನ್ನೇ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಒಂದು ದಿನದ ವಿಳಂಬ ಶುಲ್ಕಕ್ಕೆ ಹೆದರಿ ಇಷ್ಟು ವರ್ಷಗಳ ಲೆಕ್ಕವನ್ನು ಪಣಕ್ಕಿಡುವುದು ವಿವೇಕವಲ್ಲ. ಗಡುವು ಸಮೀಪಿಸಿದ್ದರೆ ಮನೆಗೇ ಹೋಗಿ ಕೆಲಸ ಮುಗಿಸುವುದು ಮೇಲು.

ಕೆಲಸ ಬಿಟ್ಟ ಗುಮಾಸ್ತರ ಕೀಲಿಯನ್ನು ಅಂದೇ ರದ್ದುಪಡಿಸುವುದು, ಲೆಕ್ಕದ ಪ್ರತಿಯನ್ನು ಕಂಪ್ಯೂಟರಿನಿಂದ ಬೇರ್ಪಡಿಸಿದ ಡಿಸ್ಕ್‌ನಲ್ಲಿ ಇಡುವುದು, ಸರಿಯಾಗಿ ನಡೆಯುತ್ತಿರುವ ಫೈರ್‌ವಾಲ್‌ನ ಸಂರಚನೆಯನ್ನು ಉಳಿಸಿಕೊಳ್ಳುವುದು, ಈ ಮೂರನ್ನು ಸಂಪರ್ಕ ಸುಸ್ಥಿತಿಯಲ್ಲಿರುವಾಗಲೇ ಮಾಡಿಟ್ಟುಕೊಳ್ಳತಕ್ಕದ್ದು.