ಬಯಲುಸೀಮೆಯಲ್ಲಿ ಚಾರಣ ಮತ್ತು ಶಿಬಿರವಾಸ: ಪೂರ್ವಸಿದ್ಧತೆ ಹಾಗೂ ಸಲಕರಣೆಗಳ ಆಯ್ಕೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಈ ಭಾಗದ ವಿದ್ಯಾರ್ಥಿಗಳಿಗೆ ಹಾಗೂ ಚಾರಣಾಸಕ್ತರಿಗೆ ಇದೇ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ ಮತ್ತು ಚಂದ್ರಂಪಳ್ಳಿ ಜಲಾಶಯದ ಪರಿಸರ ಸೂಕ್ತ ತಾಣಗಳಾಗಿವೆ. ಮಲೆನಾಡಿನ ಚಾರಣದಲ್ಲಿ ಮಳೆ, ಜಿಗಣೆಗಳು ಎದುರಾದರೆ, ಇಲ್ಲಿ ಬಿಸಿಲು ಮತ್ತು ನೀರಿನ ಕೊರತೆಯೇ ಮುಖ್ಯ ಅಪಾಯಗಳು.

ಕಾಲ ಮತ್ತು ಅನುಮತಿ

ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಉತ್ತಮ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ವನ್ಯಜೀವಿಧಾಮದ ಪ್ರವೇಶಕ್ಕೆ ಅನುಮತಿ ಅವಶ್ಯಕ. ಅಲ್ಲಿ ಬೆಂಕಿ ಹಚ್ಚುವುದು ಅಪರಾಧವಾಗಿದೆ.

ಅವಶ್ಯಕ ಸಾಮಗ್ರಿಗಳು

1. ನೀರು: ಅರ್ಧ ದಿನದ ನಡಿಗೆಗೆ ಪ್ರತಿಯೊಬ್ಬರೂ ಕನಿಷ್ಠ 3 ಲೀಟರ್ ನೀರು ಹಾಗೂ ಓಆರ್‌ಎಸ್ ಪೊಟ್ಟಣಗಳನ್ನು ಒಯ್ಯಬೇಕು. ಪೊಟ್ಟಣ ಲಭ್ಯವಿಲ್ಲದಿದ್ದಲ್ಲಿ 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟಾದ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿ ಬಳಸಬಹುದು.

2. ಪಾದರಕ್ಷೆ: ಹೊಸ ಬೂಟುಗಳನ್ನು ಧರಿಸಿ ನೇರವಾಗಿ ಚಾರಣಕ್ಕೆ ಹೊರಡಬಾರದು. ಕೆಲವು ದಿನ ಧರಿಸಿ ರೂಢಿಸಿಕೊಳ್ಳತಕ್ಕದ್ದು. ಮಳೆಯಾದಾಗ ಎರೆಮಣ್ಣು ಅಂಟಿ ಬೂಟು ಭಾರವಾಗುವುದರಿಂದ ಆಳವಾದ ಅಚ್ಚುಳ್ಳ ಅಟ್ಟೆಯಿರುವುದು ಲೇಸು. ಹಾವುಗಳಿಂದ ರಕ್ಷಣೆಗೆ ಕಣಕಾಲು ಮುಚ್ಚುವ ಬೂಟು ಹಾಗೂ ರಾತ್ರಿ ವೇಳೆ ಟಾರ್ಚ್ ಕಡ್ಡಾಯ.

3. ಉಡುಪು ಮತ್ತು ಹಾಸಿಗೆ: ತಿಳಿಬಣ್ಣದ, ಸಡಿಲವಾದ ಪೂರ್ಣ ತೋಳಿನ ಉಡುಪು ಹಾಗೂ ಅಗಲ ಅಂಚಿನ ಟೊಪ್ಪಿಗೆ ಧರಿಸುವುದು. ಚಳಿಗಾಲದ ರಾತ್ರಿಗಳಿಗೆ ಕಂಬಳಿ ಅಥವಾ ಮಲಗುಚೀಲ ಅವಶ್ಯಕ.

4. ಆಹಾರ: ಬೇಯಿಸದೆ ತಿನ್ನಬಹುದಾದ, ಕೆಡದ ಪದಾರ್ಥಗಳನ್ನು ಆರಿಸಿಕೊಳ್ಳುವುದು. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಗೂ ಶೇಂಗಾ ಹೋಳಿಗೆ ಇದಕ್ಕೆ ಹೇಳಿಮಾಡಿಸಿದಂತಿವೆ.

5. ಡೇರೆ: ಒಣಗಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬಾರದು. ಮೇಲ್ಭಾಗದಲ್ಲಿ ಮಳೆ ಸುರಿದರೆ ನೀರು ಹಠಾತ್ತನೆ ಬರಬಹುದು.

ಶಿಲಾರೋಹಣ

ಬಾವಿಯ ನೀರು ಸೇದುವ ಹಗ್ಗವನ್ನು ಶಿಲಾರೋಹಣಕ್ಕೆ ಎಂದಿಗೂ ಬಳಸಬಾರದು. ಆರೋಹಣದ ಹಗ್ಗವು ಬೀಳುವವನ ಭಾರಕ್ಕೆ ಹಿಗ್ಗಿ ಆಘಾತವನ್ನು ತಗ್ಗಿಸುತ್ತದೆ. ಸಾಮಾನ್ಯ ಹಗ್ಗಕ್ಕೆ ಆ ಗುಣವಿಲ್ಲ. ಬಾದಾಮಿಯ ಮರಳುಗಲ್ಲು ನೆನೆದಾಗ ದುರ್ಬಲವಾಗುವುದರಿಂದ ಮಳೆಯ ನಂತರ ಆರೋಹಣ ಸಲ್ಲದು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂತಹ ಸಂಸ್ಥೆಗಳಲ್ಲಿ ತರಬೇತಿ ಪಡೆದ ನಂತರವೇ, ಶಿರಸ್ತ್ರಾಣ ಧರಿಸಿ ಏರತಕ್ಕದ್ದು.

ತುರ್ತು ಸಂದರ್ಭ

ಬಿಸಿಲಿನಲ್ಲಿ ನಡೆಯುವವರ ಮಾತು ತೊದಲಿದರೆ, ಗೊಂದಲ ಅಥವಾ ಪ್ರಜ್ಞಾಹೀನತೆ ಕಂಡುಬಂದರೆ ಅದು ಉಷ್ಣಾಘಾತದ ಲಕ್ಷಣವಾಗಿರಬಹುದು. ಕೂಡಲೇ ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯತಕ್ಕದ್ದು. 108 ಅಥವಾ 112 ಸಂಖ್ಯೆಗೆ ಕರೆ ಮಾಡಬಹುದು.

ಹೊರಡುವ ಮುನ್ನ ಮಾರ್ಗ ಹಾಗೂ ಹಿಂತಿರುಗುವ ವೇಳೆಯನ್ನು ಮನೆಯವರಿಗೆ ಬರೆದು ಕೊಡುವುದು ಸೂಕ್ತ. ನಿಗದಿತ ವೇಳೆಗೆ ಮರಳದಿದ್ದಲ್ಲಿ ಎಲ್ಲಿ ಹುಡುಕಬೇಕೆಂಬುದು ಇದರಿಂದ ತಿಳಿಯುತ್ತದೆ.